ಮಗಳೇ, ನಿನ್ನ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ

ಪುಟ್ಟೀ,

ನೀನು ಹೊರಟು ಇವತ್ತಿಗೆ ಒಂಬತ್ತು ದಿನ. "ತಲುಪಿದೆ" ಅಂತ ಒಂದು ಮೆಸೇಜ್ ಬಂತು, ಅಷ್ಟೇ. ನಾನೂ ಏನೂ ಕಳಿಸಲಿಲ್ಲ. ಆ ರಾತ್ರಿ ಯಾರು ಏನಂದರು ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ. ಕೊನೆಯಲ್ಲಿ ನನ್ನ ಬಾಯಿಂದ ಬಂದ ಆ ಒಂದು ಪದ ಮಾತ್ರ ಬರಬಾರದಿತ್ತು. ಅಪ್ಪನಾದವನು ಮಗಳಿಗೆ ಆಡುವ ಮಾತಲ್ಲ ಅದು. ತಪ್ಪಾಯ್ತು.

ಬ್ಯಾಗಿಗೆ ಕೈ ಹಾಕಿದ್ದು ಚಾರ್ಜರ್ ಹುಡುಕೋಕೆ. ಇದನ್ನು ನೀನು ಆವತ್ತು ನಂಬಲಿಲ್ಲ, ಇವತ್ತು ನಂಬುತ್ತೀಯ ಅನ್ನೋ ಭರವಸೆಯೂ ನನಗಿಲ್ಲ. ಆ ವೇಪ್ ಪೆನ್ನು, ಎಣ್ಣೆ ಬಿಸಿಮಾಡಿ ಆವಿ ಎಳೆಯುವ ಆ ವಸ್ತು, ಕೈಗೆ ಸಿಕ್ಕಾಗ ಮೊದಲು ಪೆನ್‌ಡ್ರೈವ್ ಅಂದುಕೊಂಡೆ. ಮುಚ್ಚಳ ತೆಗೆದೆ, ಮೂಸಿದೆ. ಮೇಲೆ ಯಾವುದೋ ಹಣ್ಣಿನ ವಾಸನೆ, ಅದರ ಹಿಂದೆ ಇನ್ನೊಂದು ವಾಸನೆ. ಆ ಹಿಂದಿನ ವಾಸನೆ ನನಗೆ ಮೂವತ್ತೊಂದು ವರ್ಷದಿಂದ ಗೊತ್ತು. ನಾನು ಅಷ್ಟು ಕೂಗಾಡಿದ್ದು ಅದಕ್ಕೆ. ಅದನ್ನು ಹೇಳಬೇಕು ಅಂತಲೇ ಬರೆಯೋಕೆ ಕೂತಿದ್ದೇನೆ. ಆದರೆ ಅಲ್ಲಿಂದ ಶುರು ಮಾಡುವ ಧೈರ್ಯ ಸಾಲುತ್ತಿಲ್ಲ. ನನ್ನ ಸಿಗರೇಟಿಗಿಂತ, ಹೆಂಡಕ್ಕಿಂತ ಗಾಂಜಾ ಕಡಿಮೆ ಅಪಾಯ ಅಂದೆಯಲ್ಲ, ಮೊದಲು ನಿನ್ನ ಆ ವಾದಕ್ಕೇ ಬರುತ್ತೇನೆ.

ನೀನು ವೀಡ್ ಅಂದೆ, ನಾನು ಗಾಂಜಾ ಅಂದೆ. ಅರ್ಧ ಜಗಳ ಅಲ್ಲೇ ಇತ್ತು. ನಿನ್ನ ಪದ ಕೇಳಿದರೆ ಗೆಳೆಯರು, ಹಾಡು, ಒಂದು ಸಂಜೆ. ನನ್ನ ಪದ ಕೇಳಿದರೆ ಪೊಲೀಸು, ಪೇಪರು. ಗಿಡ ಒಂದೇ.

"ಡೇಟಾ ನೋಡು ಅಪ್ಪ, ಸುಮ್ನೆ ಹೆದರಿಸಬೇಡ" ಅಂದೆಯಲ್ಲ, ನೋಡಿದೆ. ನಿಜ ಹೇಳಬೇಕೆಂದರೆ ನಿನ್ನನ್ನು ಸುಳ್ಳು ಮಾಡೋಕೇ ನೋಡಿದ್ದು. ಎಂಟು ರಾತ್ರಿ ಓದಿದೆ. ಓದಿದಷ್ಟೂ ನಿನ್ನ ಮಾತು ಬಹುಪಾಲು ಸರಿ ಅಂತಲೇ ಆಯ್ತು, ನನಗೆ ಸಿಟ್ಟು ಬಂತು.

ತಂಬಾಕಿನಿಂದ ಪ್ರಪಂಚದಲ್ಲಿ ವರ್ಷಕ್ಕೆ 70-80 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಾವು ಸೇದಿದವರೇ ಅಲ್ಲ, ಸೇದುವವರ ಪಕ್ಕದಲ್ಲಿ ಇದ್ದವರು. ಆ ಸಾಲು ಓದಿ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ, ಅಲ್ಲಿ ನಿಂತು ಏನು ಮಾಡಿದೆ ಅಂತ ನಿನಗೆ ಗೊತ್ತೇ ಇರುತ್ತದೆ. ಕುಡಿತದಿಂದ 2019ರಲ್ಲಿ ಸತ್ತವರು ಸುಮಾರು 26 ಲಕ್ಷ. ಹೆರಾಯಿನ್, ಫೆಂಟನಿಲ್ ತರಹದವು ಮೆದುಳಿನ ಬುಡದಲ್ಲಿ ಉಸಿರಾಟ ನೋಡಿಕೊಳ್ಳುವ ಜಾಗವನ್ನೇ ಮಲಗಿಸಿಬಿಡುತ್ತವೆ. ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ಮನುಷ್ಯ ನಿದ್ದೆಯಲ್ಲೇ ಉಸಿರು ನಿಲ್ಲಿಸುತ್ತಾನೆ. ವಿಪರೀತ ಕುಡಿದಾಗಲೂ ಅದೇ. ಗಾಂಜಾದ ಅಮಲಿನ ಅಂಶ ಹೋಗಿ ಕೂರುವ ಜಾಗಗಳು ಮೆದುಳಿನ ಆ ಭಾಗದಲ್ಲಿ ತೀರಾ ಕಡಿಮೆ. ಹಾಗಾಗಿ ಅದೊಂದನ್ನೇ ಜಾಸ್ತಿ ಸೇದಿ ಉಸಿರು ಕಟ್ಟಿ ಸಾಯುವುದು ಅಂತ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಬಿಡುವಾಗಲೂ ಅಷ್ಟೇ. ವರ್ಷಗಟ್ಟಲೆ ಕುಡಿದವನು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಗಾಂಜಾ ಬಿಟ್ಟವನಿಗೆ ಒಂದೆರಡು ವಾರ ನಿದ್ದೆ ಬರಲ್ಲ, ಹಸಿವಿರಲ್ಲ, ಮಾತು ಮಾತಿಗೆ ಸಿಡಿಮಿಡಿ. ಪ್ರಾಣಕ್ಕೆ ಅಪಾಯ ಇಲ್ಲ.

ಚಟದ ಲೆಕ್ಕವೂ ನಿನ್ನ ಕಡೆಗೇ ಇದೆ. ಅಮೆರಿಕದಲ್ಲಿ 1994ರಲ್ಲಿ ಬಂದ ಒಂದು ಅಧ್ಯಯನವನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಒಮ್ಮೆಯಾದರೂ ರುಚಿ ನೋಡಿದ ನೂರು ಜನರಲ್ಲಿ ಚಟಕ್ಕೆ ಬಿದ್ದವರು ಎಷ್ಟು ಅಂತ. ತಂಬಾಕಿಗೆ 32, ಹೆರಾಯಿನ್‌ಗೆ 23, ಕೊಕೇನ್‌ಗೆ 17, ಹೆಂಡಕ್ಕೆ 15, ಗಾಂಜಾಕ್ಕೆ 9. ಹೆರಾಯಿನ್‌ಗಿಂತ ನನ್ನ ಸಿಗರೇಟು ಮುಂದೆ. ಹದಿಹರೆಯದಲ್ಲೇ ಶುರು ಮಾಡಿದರೆ ಆ 9 ಅನ್ನೋದು ಆರರಲ್ಲಿ ಒಬ್ಬರು ಅನ್ನುವ ಮಟ್ಟಕ್ಕೆ ಹೋಗುತ್ತದೆ. ನೀನು ಯಾವಾಗ ಶುರು ಮಾಡಿದೆ ಅಂತ ನಾನು ಕೇಳಿಲ್ಲ. ಕೇಳೋಕೆ ಭಯ ಅಂತ ಇಟ್ಟುಕೋ.

ಇನ್ನೊಂದೂ ಸಿಕ್ಕಿತು. ಡೇವಿಡ್ ನಟ್ ಅಂತ ಬ್ರಿಟನ್ನಿನ ವಿಜ್ಞಾನಿ, 2010ರಲ್ಲಿ ತನ್ನ ಜೊತೆಯವರನ್ನು ಕೂಡಿಸಿಕೊಂಡು ಇಪ್ಪತ್ತು ಬಗೆಯ ಅಮಲುಗಳಿಗೆ ನೂರಕ್ಕೆ ಇಷ್ಟು ಅಂತ ಹಾನಿಯ ಅಂಕ ಕೊಟ್ಟ. ಹೆಂಡಕ್ಕೆ 72. ಹೆರಾಯಿನ್‌ಗೆ 55. ತಂಬಾಕಿಗೆ 26, ಗಾಂಜಾಕ್ಕೆ 20. ಹೆಂಡದ ಆ 72ರಲ್ಲಿ ಅರ್ಧಕ್ಕಿಂತ ಜಾಸ್ತಿ ಕುಡಿದವನಿಗೆ ಆಗುವ ಹಾನಿಯಲ್ಲ, ಅವನ ಸುತ್ತ ಇರುವವರಿಗೆ ಆಗುವುದು. ಇಂಥದ್ದೇ ಮಾತು ಆಡಿದ್ದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿನ ಸರ್ಕಾರ ಅವನನ್ನು ಸಲಹಾ ಮಂಡಳಿಯ ಅಧ್ಯಕ್ಷ ಸ್ಥಾನದಿಂದ ತೆಗೆದಿತ್ತು. ಈ ಕಥೆ ಸಿಕ್ಕಿದ್ದರೆ ನೀನು ಅದನ್ನೂ ಆ ರಾತ್ರಿ ನನ್ನ ಮುಖಕ್ಕೆ ಹಿಡಿಯುತ್ತಿದ್ದೆ.

ಸರಿ, ಗೆದ್ದೆ. ಅಷ್ಟು ಜೋರಾಗಿ ಕೂಗಾಡುವಾಗಲೂ ಒಳಗೆ ಒಂದು ಮೂಲೆಯಲ್ಲಿ, ನನ್ನ ಮಗಳು ಅಳದೆ ಅಂಕಿ ಹಿಡಿದುಕೊಂಡು ಎದುರು ನಿಂತಿದ್ದಾಳಲ್ಲ ಅಂತ ಹೆಮ್ಮೆ ಆಗುತ್ತಿತ್ತು. ಅದು ಅಲ್ಲಿ ಹೇಳುವ ಹೊತ್ತಾಗಿರಲಿಲ್ಲ.

ಆದರೆ ಕಣೇ, ನನ್ನ ಸಿಗರೇಟಿನ ಪಕ್ಕ ನಿಲ್ಲಿಸಿದರೆ ಯಾವುದು ತಾನೇ ಸಭ್ಯವಾಗಿ ಕಾಣಲ್ಲ ಹೇಳು? ನೀನು ಹಿಡಿದ ಅಳತೆಗೋಲೇ ಅಷ್ಟು ಕೆಟ್ಟದ್ದು. ಜೊತೆಗೆ ಅದು ಸತ್ತವರನ್ನು ಮಾತ್ರ ಎಣಿಸುತ್ತದೆ. ನಿನ್ನ ಚಿಕ್ಕಪ್ಪ ಆ ಪಟ್ಟಿಯಲ್ಲಿ ಬರುವುದಿಲ್ಲ. ಅವನು ಬದುಕಿದ್ದಾನಲ್ಲ.

ಬಂತು ನೋಡು, ಹೇಳಬೇಕಾದ ವಿಷಯ.

ಚಿಕ್ಕಪ್ಪನಿಗೆ ನರದ ತೊಂದರೆ ಅಂತ ನಿನಗೆ ಹೇಳಿಕೊಂಡು ಬಂದಿದ್ದೇವೆ. ಚಿಕ್ಕವಳಿದ್ದಾಗ ನೀನು, ಅವನ ಕೈ ಯಾಕೆ ನಡುಗುತ್ತದೆ ಅಂತ ಕೇಳಿದ್ದೆ, ಆಗ ಬಾಯಿಗೆ ಬಂದ ಉತ್ತರ ಅದು. ಆಮೇಲೆ ಅದನ್ನೇ ಮುಂದುವರಿಸಿದೆವು. ನರದ ತೊಂದರೆ ಅಲ್ಲ. ಅವನಿಗೆ ಇರುವುದು ಸ್ಕಿಜೋಫ್ರೇನಿಯ, ಇಲ್ಲದ್ದನ್ನು ಇದೆ ಅಂತ ನಂಬಿಸುವ ಮನಸ್ಸಿನ ಕಾಯಿಲೆ. ಹತ್ತೊಂಬತ್ತನೇ ವಯಸ್ಸಿಗೆ ಶುರುವಾಯ್ತು. ನಡುಕ ಬಂದದ್ದು ಮಾತ್ರೆಗಳಿಂದ.

ಅವನು ಕಾಲೇಜಿಗೆ ಸೇರಿದ ವರ್ಷ ಮಾಳಿಗೆಯ ಮೇಲೆ ಕೂತು ಸೇದೋಕೆ ಶುರು ಮಾಡಿದ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ನನಗೆ ಗೊತ್ತಿತ್ತು. ನನಗೆ ಆಗ ಇಪ್ಪತ್ತನಾಲ್ಕು, ಕೆಲಸಕ್ಕೆ ಸೇರಿದ್ದೆ, ದೊಡ್ಡ ಮನುಷ್ಯ ಅಂದುಕೊಂಡಿದ್ದೆ. ಒಂದು ಸಂಜೆ ಅಜ್ಜಿ ಬಟ್ಟೆ ತೆಗೆಯೋಕೆ ಮೇಲೆ ಹೋದವರು ಕೆಳಗೆ ಬಂದು, ಇದೇನು ವಾಸನೆ ಅಂತ ಕೇಳಿದರು. ತಮ್ಮ ಅವರ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ. ನಾನು, "ನನ್ನ ಸಿಗರೇಟಮ್ಮ, ಹೊಸ ಬ್ರಾಂಡು" ಅಂದೆ. ಅಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ತಮ್ಮ ರಾತ್ರಿ ಬಂದು ನನ್ನ ಹಾಸಿಗೆಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅಣ್ಣ ಅಂದರೆ ಹೀಗಿರಬೇಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದಾಗಿ ಏಳೆಂಟು ತಿಂಗಳಿಗೆ ಅವನಿಗೆ ನಿದ್ದೆ ಹೋಯಿತು. ಕ್ಲಾಸಿನಲ್ಲಿ ಯಾರಾದರೂ ಕೆಮ್ಮಿದರೆ ತನಗೇ ಸನ್ನೆ ಮಾಡಿದರು ಅನ್ನೋಕೆ ಶುರು ಮಾಡಿದ. ಪರೀಕ್ಷೆಯ ಭಯ ಅಂದುಕೊಂಡೆವು.

ಆಮೇಲೆ ಆ ರಾತ್ರಿ.

ಒಂದೂವರೆ ಗಂಟೆ ಇರಬೇಕು. ಎದ್ದು ನೋಡಿದರೆ ಅವನು ಅಡುಗೆಮನೆಯಲ್ಲಿ ನಿಂತಿದ್ದ. ಮುಂದೆ ನೀರು ತುಂಬಿದ ಲೋಟ. ತುಟಿ ಒಣಗಿ ಬಿಳಿಯಾಗಿತ್ತು. ನೀರು ಕುಡಿಯೋ ಅಂದೆ. "ಮೊದಲು ನೀನು ಕುಡಿ" ಅಂದ. ತಮಾಷೆ ಅಂದುಕೊಂಡು ಒಂದು ಗುಟುಕು ಕುಡಿದೆ. "ಅರ್ಧ ಕುಡಿ." ಅರ್ಧ ಕುಡಿದೆ. ಅವನು ನನ್ನ ಗಂಟಲನ್ನೇ ನೋಡುತ್ತಿದ್ದ, ನಿಜವಾಗಲೂ ನುಂಗಿದೆನೋ ಇಲ್ಲವೋ ಅಂತ. ಆಮೇಲೆ ಗೋಡೆ ಗಡಿಯಾರ ನೋಡಿದ. ಐದು ನಿಮಿಷ ಕಾದ. ನನಗೆ ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆ ಉಳಿದ ಅರ್ಧ ಗಟಗಟ ಕುಡಿದು, ಲೋಟ ಮುಂದೆ ಹಿಡಿದ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದರು. ಲೋಟ ಕೊಡು, ನಾನು ತುಂಬಿಸಿ ಕೊಡುತ್ತೇನೆ ಅಂತ ಕೈ ಚಾಚಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವರ ಕೈಯಿಂದ ಬೇಡ ಅಂದ. ಪುಟ್ಟೀ, ಹೆತ್ತ ತಾಯಿ ಕಣೇ. ಅವರು ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟರು. ಬೆಳಗಾಗುವವರೆಗೂ ಅಲ್ಲೇ ನಿಂತಿದ್ದರು, ಕೂರಲಿಲ್ಲ. ನಾನು ತುಂಬಿಸುವುದು, ಅರ್ಧ ಕುಡಿಯುವುದು, ಅವನು ಗಡಿಯಾರ ನೋಡುವುದು, ಆಮೇಲೆ ಅವನು ಕುಡಿಯುವುದು. ಏಳು ಲೋಟ ಆಯಿತೋ ಎಂಟೋ. ಐದನೆಯದಕ್ಕೆ ನನ್ನ ಹೊಟ್ಟೆ ಉಬ್ಬಿ ನಗು ಬಂದುಬಿಟ್ಟಿತು. "ಯಾಕೆ ನಗ್ತೀಯಣ್ಣ?" ಅಂತ ಕೇಳಿದ. ಸಿಟ್ಟಿನಿಂದ ಕೇಳಿದ್ದರೆ ಪರವಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ, ಯಾಕೆ ನಗುತ್ತಿದ್ದೇನೆ ಅಂತ. ಇದೇ ಹುಡುಗ ನನ್ನ ಹಾಸಿಗೆಯ ಮೇಲೆ ಬಿದ್ದು ನಕ್ಕವನು.

ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಕೇಳಿದ ಎರಡನೆಯದೋ ಮೂರನೆಯದೋ ಪ್ರಶ್ನೆ, "ಏನಾದರೂ ಸೇದುವ, ಕುಡಿಯುವ ಅಭ್ಯಾಸ ಇದೆಯಾ?" ಅಜ್ಜಿ ತಕ್ಷಣ, "ಇಲ್ಲ ಡಾಕ್ಟ್ರೇ, ಇವನಿಗೆ ಇಲ್ಲ, ದೊಡ್ಡವನಿಗೆ ಇದೆ" ಅಂದರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಮೂರು ವಾರ ಬಿಡಲಿಲ್ಲ. ಕೊನೆಗೆ ಒಬ್ಬನೇ ಹೋಗಿ ಹೇಳಿದಾಗ ಆ ಡಾಕ್ಟರ್ ಬೈಯಲಿಲ್ಲ, ಬರೆದುಕೊಂಡರು. ಸೇದಿದ್ದಕ್ಕೇ ಬಂತಾ ಅಂತ ಕೇಳಿದೆ. ಹಾಗೆ ಹೇಳೋಕಾಗಲ್ಲ, ಸೇದದಿದ್ದರೂ ಬರಬಹುದಿತ್ತು, ಇನ್ನೂ ತಡವಾಗಿ ಬರಬಹುದಿತ್ತು, ಬಾರದೆಯೂ ಇರಬಹುದಿತ್ತು ಅಂದರು. ಒಳಗೆ ಬೀಜ ಇರುವವರಿಗೆ ಇದು ನೀರು ಹಾಕಿದ ಹಾಗೆ ಅಂದರು. ಮೂವತ್ತೊಂದು ವರ್ಷದಿಂದ ಆ ಮೂರೂ "ಬಹುದಿತ್ತು"ಗಳ ನಡುವೆ ಓಡಾಡಿಕೊಂಡು ಇದ್ದೇನೆ.

ಇದನ್ನು ನಿನಗೆ ಹೇಳಿರಲಿಲ್ಲ. ನೀನು ಲೆಕ್ಕ ಹಾಕುವಾಗ ಈ ಅಂಕಿ ನಿನ್ನ ಕೈಯಲ್ಲಿ ಇರಲಿಲ್ಲ. ಅದು ನಿನ್ನ ತಪ್ಪಲ್ಲ, ನಮ್ಮದು. ನೀನು ಹೇಳಿದ್ದೆಲ್ಲ ಸರಾಸರಿ ಮನುಷ್ಯನ ಲೆಕ್ಕ, ಸ್ಟಾಟಿಸ್ಟಿಕ್ಸ್ ಓದುವವಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಯಿಲೆ ಸಾಮಾನ್ಯವಾಗಿ ನೂರು ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವಂಥದ್ದು. ಒಡಹುಟ್ಟಿದವರಿಗಿದ್ದರೆ ಅದು ನೂರಕ್ಕೆ ಹತ್ತರ ಹತ್ತಿರ ಹೋಗುತ್ತದೆ. ನನಗೆ ಬರಲಿಲ್ಲ. ಚಿಕ್ಕಪ್ಪನಿಗೋ ಅತ್ತೆಗೋ ಇದ್ದರೆ ನೂರಕ್ಕೆ ಎರಡೋ ಮೂರೋ ನಾಲ್ಕೋ. ಅಂದರೆ ಬಾರದೇ ಇರುವ ಸಾಧ್ಯತೆಯೇ ತೊಂಬತ್ತಾರೋ ಅದಕ್ಕಿಂತ ಜಾಸ್ತಿಯೋ. ನಿನ್ನನ್ನು ಹೆದರಿಸೋಕೆ ಇದನ್ನು ಹೇಳುತ್ತಿಲ್ಲ. ಹೆದರಿಸೋಕೇ ಹೇಳುತ್ತಿದ್ದೇನೆ, ಇರಲಿ ಬಿಡು.

ಇದರ ಮೇಲೆ ಗಾಂಜಾ ಸೇರಿದರೆ ಏನು ಅನ್ನೋದು ಪ್ರಶ್ನೆ. ಸ್ವೀಡನ್ನಿನಲ್ಲಿ 1969-70ರಲ್ಲಿ ಸೈನ್ಯಕ್ಕೆ ಕರೆಸಿಕೊಂಡ ಸುಮಾರು 45 ಸಾವಿರ ಹುಡುಗರನ್ನು, ಏನೇನು ಸೇದಿದ್ದೀರಿ ಅಂತ ಕೇಳಿ ಬರೆದಿಟ್ಟುಕೊಂಡು ಹದಿನೈದು ವರ್ಷ ಗಮನಿಸಿದರು. 1987ರಲ್ಲಿ ಬಂದ ಫಲಿತಾಂಶದ ಪ್ರಕಾರ, ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಈ ಕಾಯಿಲೆ, ಸೇದದವರಿಗಿಂತ ಆರು ಪಟ್ಟು. ಬೇರೆ ಕಾರಣಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಆರು ಇಳಿಯುತ್ತದೆ, ಆದರೆ ಪೂರ್ತಿ ಅಳಿಸಿ ಹೋಗುವುದಿಲ್ಲ. ಮೊದಲೇ ಮನಸ್ಸು ಕೆಡುತ್ತಿರುವವರೇ ನೆಮ್ಮದಿಗೆ ಅಂತ ಸೇದೋಕೆ ಹೋಗಿರಬಹುದಲ್ಲ ಅಂತ ನೀನು ಕೇಳುತ್ತೀಯ. ಅದನ್ನು ಎಲ್ಲರೂ ಕೇಳಿದ್ದಾರೆ, ಸ್ವಲ್ಪ ಮಟ್ಟಿಗೆ ನಿಜವೂ ಹೌದು. 2019ರಲ್ಲಿ ಯುರೋಪಿನ ಕೆಲವು ಊರುಗಳು ಮತ್ತು ಬ್ರೆಜಿಲ್‌ನಲ್ಲಿ ಮಾಡಿದ ಅಧ್ಯಯನದಲ್ಲಿ, ಟಿಎಚ್‌ಸಿ ಅನ್ನುವ ಅಮಲಿನ ಅಂಶ ನೂರಕ್ಕೆ ಹತ್ತು ಅಥವಾ ಹೆಚ್ಚು ಇರುವ ಮಾಲನ್ನು ದಿನಾ ಸೇದುವವರಲ್ಲಿ, ಮನಸ್ಸು ಹಳಿ ತಪ್ಪುವ ಸಾಧ್ಯತೆ ಹೆಚ್ಚುಕಡಿಮೆ ಐದು ಪಟ್ಟು ಕಂಡಿತು. ಅಪರೂಪಕ್ಕೆ, ಕಡಿಮೆ ಅಮಲಿನದನ್ನು ಸೇದುವವರಲ್ಲಿ ಅಷ್ಟಿಲ್ಲ. ಹಾಗಾಗಿ ಎಷ್ಟು ಸಲ, ಎಷ್ಟು ಗಟ್ಟಿ, ಎಷ್ಟನೇ ವಯಸ್ಸಿಗೆ, ಯಾರ ಮನೆಯವರು, ಈ ನಾಲ್ಕರ ಮೇಲೆ ಎಲ್ಲ ನಿಂತಿದೆ. ನಾಲ್ಕನೆಯದನ್ನು ನಾವು ಮುಚ್ಚಿಟ್ಟಿದ್ದೆವು.

ಗಟ್ಟಿಯ ಮಾತು ಬಂತಲ್ಲ. ಚಿಕ್ಕಪ್ಪ ಸೇದುತ್ತಿದ್ದದ್ದು ಒಣಗಿದ ಸೊಪ್ಪು, ಕಾಗದದಲ್ಲಿ ಸುತ್ತಿ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲನ್ನು ಪರೀಕ್ಷೆ ಮಾಡಿದಾಗ 1995ರ ಸುಮಾರಿಗೆ ಟಿಎಚ್‌ಸಿ ನೂರಕ್ಕೆ 4 ಇತ್ತು, 2014ಕ್ಕೆ 12 ಆಗಿತ್ತು. ನಿನ್ನ ಆ ಪೆನ್ನಿನಂಥವುಗಳ ಎಣ್ಣೆಯಲ್ಲಿ 60, 80 ಕೂಡ ಇರುತ್ತದಂತೆ. ಇವೆರಡಕ್ಕೂ ಒಂದೇ ಹೆಸರು ಇಟ್ಟುಕೊಂಡು ನಾನೂ ನೀನೂ ಕಿತ್ತಾಡಿದೆವು.

ನಮ್ಮ ಮೆದುಳು ತಾನೇ ತಯಾರಿಸಿಕೊಳ್ಳುವ ಒಂದು ವಸ್ತು ಇದೆ. 1992ರಲ್ಲಿ ರಫಾಯೆಲ್ ಮೆಕೂಲಮ್ ಅನ್ನುವವರ ಲ್ಯಾಬಿನಲ್ಲಿ ಅದನ್ನು ಕಂಡುಹಿಡಿದರು. ಅದಕ್ಕೆ ಇಟ್ಟ ಹೆಸರು ಆನಂದಮೈಡ್, ನಮ್ಮ ಆನಂದ ಅನ್ನೋ ಪದದಿಂದಲೇ. ಗಾಂಜಾದ ಟಿಎಚ್‌ಸಿ ಹೋಗಿ ಕೂರುವುದು ಈ ಆನಂದಮೈಡ್ ಕೂರಬೇಕಾದ ಕುರ್ಚಿಯಲ್ಲಿ. ಆನಂದಮೈಡ್ ಬೇಕಾದ ಕಡೆ ಒಂದು ಕ್ಷಣ ಬಂದು ಹೋಗುತ್ತದೆ. ಇದು ಎಲ್ಲ ಕುರ್ಚಿಗಳಲ್ಲೂ ಕೂತುಬಿಡುತ್ತದೆ, ಬೇಗ ಏಳುವುದೂ ಇಲ್ಲ. ಮೆದುಳಿನ ಮುಂಭಾಗ, ಯೋಚನೆ ಮಾಡಿ ಬೇಡ ಅನ್ನುವ ಭಾಗ, ಇಪ್ಪತ್ತೈದರ ಹತ್ತಿರದವರೆಗೂ ಕಟ್ಟಿಕೊಳ್ಳುತ್ತಲೇ ಇರುತ್ತದಂತೆ. ಕಟ್ಟಡ ಮುಗಿಯುವ ಮುಂಚೆ ಬಾಡಿಗೆಗೆ ಬಂದವನ ಹಾಗೆ. ನಿನಗೆ ಈಗ ಇಪ್ಪತ್ತು.

ಇನ್ನು ಆ ಪೆನ್ನು. ಇದರಿಂದ ಒಬ್ಬರೂ ಸತ್ತಿಲ್ಲ ಅಂದೆಯಲ್ಲ, ಆ ಒಂದು ಮಾತು ಮಾತ್ರ ತಪ್ಪು. 2019ರಲ್ಲಿ ಅಮೆರಿಕದಲ್ಲಿ ಇಂಥ ಪೆನ್ನು ಎಳೆದವರು ಶ್ವಾಸಕೋಶ ಕೆಟ್ಟು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ, ಅದರಲ್ಲಿ 68 ಸಾವು. ಹೆಚ್ಚಿನವರು ಎಳೆದದ್ದು ಟಿಎಚ್‌ಸಿ ಎಣ್ಣೆ, ಗೆಳೆಯರಿಂದಲೋ ಕದ್ದು ಮಾರುವವರಿಂದಲೋ ತಂದದ್ದು. ಎಣ್ಣೆ ದಪ್ಪವಾಗಿ ಕಾಣಲಿ ಅಂತ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಅಂತ ಆಮೇಲೆ ಗೊತ್ತಾಯಿತು. ಗಿಡದ ತಪ್ಪಲ್ಲ ಅದು, ಬೆರಕೆಯವರದು. ಆದರೆ ನಿನ್ನ ಪೆನ್ನಿನಲ್ಲಿ ಏನು ಬೆರೆಸಿದ್ದಾರೆ ಅಂತ ನಿನಗೆ ಗೊತ್ತಾ? ಅದನ್ನು ಕೊಟ್ಟವನಿಗೆ ಗೊತ್ತಾ?

ಸ್ಪೈಸ್, ಕೆ2 ಅಂತ ಯಾರಾದರೂ ಕೊಟ್ಟರೆ ಮುಟ್ಟಲೇಬೇಡ. ಅದು ಗಾಂಜಾ ಅಲ್ಲವೇ ಅಲ್ಲ, ಯಾವುದೋ ಸೊಪ್ಪಿಗೆ ರಾಸಾಯನಿಕ ಸಿಂಪಡಿಸಿದ್ದು. ಫಿಟ್ಸ್ ಬರುತ್ತದೆ, ಕಿಡ್ನಿ ಹೋಗುತ್ತದೆ, ಜನ ಸತ್ತಿದ್ದಾರೆ. ತಿನ್ನುವ ರೂಪದಲ್ಲಿ ಕೊಟ್ಟರೆ ಅಮಲು ಏರೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವಲ್ಲ ಅಂತ ಇನ್ನೊಂದು ತಿಂದವರೇ ಆಸ್ಪತ್ರೆಗೆ ಹೋಗುವುದು. ಸೇದಿದವರು ಗಾಡಿ ಓಡಿಸುವುದು ಬೇಡ, ಅವರ ಹಿಂದೆ ಕೂರುವುದೂ ಬೇಡ. ಜೊತೆಗೆ ಕುಡಿದಿದ್ದರಂತೂ ಎರಡೂ ಸೇರಿ ಇನ್ನೂ ಕೆಟ್ಟದ್ದು. ವರ್ಷಗಟ್ಟಲೆ ದಿನಾ ಸೇದುವ ಕೆಲವರಿಗೆ ನಿಲ್ಲದ ವಾಂತಿ ಶುರುವಾಗುತ್ತದೆ, ಬಿಸಿನೀರು ಸುರಿದುಕೊಂಡರೆ ಸ್ವಲ್ಪ ಹೊತ್ತು ತಡೆಯುತ್ತದೆ, ಬಚ್ಚಲಿನಲ್ಲೇ ಗಂಟೆಗಟ್ಟಲೆ ಕೂರುತ್ತಾರಂತೆ. ಹೊಗೆಯ ರೂಪದಲ್ಲಾದರೆ ಕೆಮ್ಮು, ಕಫ ಗ್ಯಾರಂಟಿ. ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಸಿಗರೇಟಿನ ವಿರುದ್ಧ ಇರುವಷ್ಟು ಗಟ್ಟಿ ಸಾಕ್ಷಿ ಇದರ ವಿರುದ್ಧ ಇಲ್ಲ. ಎದೆಬಡಿತ ಜಾಸ್ತಿಯಾಗುತ್ತದೆ, ಹೃದಯದ ತೊಂದರೆ ಇರುವವರಿಗೆ ಅದು

ಸಾಕು. ಭಾಷಣ ಆಯ್ತು. ಭಾಷಣ ಮಾಡಲ್ಲ ಅಂತ ಅಂದುಕೊಂಡೇ ಕೂತಿದ್ದೆ. ಅಳಿಸೋಣ ಅನಿಸಿತು, ಎಂಟು ರಾತ್ರಿ ಓದಿದ್ದು ವ್ಯರ್ಥವಾಗುತ್ತದಲ್ಲ ಅಂತ ಬಿಟ್ಟಿದ್ದೇನೆ.

ಮತ್ತೆ ಲೋಟಕ್ಕೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಐದು ನಿಮಿಷ ಇತ್ತಲ್ಲ, ಅವನು ಗಡಿಯಾರ ನೋಡುತ್ತಿದ್ದದ್ದು. ನಾನು ಸಾಯುತ್ತೇನೋ ಇಲ್ಲವೋ ಅಂತ ಕಾಯುತ್ತಿದ್ದ. ವಿಷ ಇದ್ದರೆ ನಾನು ಸಾಯುತ್ತೇನೆ ಅಂತ ಅವನಿಗೆ ಖಚಿತವಾಗಿತ್ತು, ಆದರೂ ನನಗೇ ಮೊದಲು ಕುಡಿಸಿದ. ಇದನ್ನು ಯೋಚಿಸಿ ಎಷ್ಟೋ ವರ್ಷ ನನಗೆ ಅವನ ಮೇಲೆ ಸಿಟ್ಟಿತ್ತು, ಯಾರಿಗೂ ಹೇಳಿಲ್ಲ. ಆಮೇಲೊಂದು ದಿನ ಇನ್ನೊಂದು ಥರ ಹೊಳೆಯಿತು. ಆ ಮನೆಯಲ್ಲಿ ಅವನು ನೀರಿನ ವಿಷಯದಲ್ಲಿ ನಂಬಿದ್ದು ನನ್ನ ಗಂಟಲನ್ನು ಮಾತ್ರ. ಅಂಥವನ ಬಗ್ಗೆ ನಾನು ಡಾಕ್ಟರ್ ಮುಂದೆ ಬಾಯಿ ಮುಚ್ಚಿಕೊಂಡು ನಿಂತೆ.

ಅವನ ಬದುಕು ಹಾಳಾಯ್ತು ಅಂತ ನಾನು ಹೇಳುತ್ತಿಲ್ಲ, ಹಾಗೆ ಅಂದರೆ ಅವನಿಗೆ ಅವಮಾನ. ನಿನಗೆ ಚೆಸ್ ಕಲಿಸಿದವನು ಅವನು. ರಾತ್ರಿ ಮಾತ್ರೆ ತಪ್ಪಿಸಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನವೂ ಸೇದಿಲ್ಲ. ನನ್ನಿಂದ ಸಿಗರೇಟು ಬಿಡೋಕೆ ಆಗಲಿಲ್ಲ, ನೋಡು. ಈ ಪತ್ರ ಬರೆಯುವ ಮುಂಚೆ ಅವನ ಒಪ್ಪಿಗೆ ಕೇಳಿದೆ, ಅವನ ವಿಷಯ ತಾನೇ. ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ "ಬರಿ. ಆ ವಾಸನೆ ವಿಷಯನೂ ಬರಿ" ಅಂದ. ಅದು ಅವನಿಗೆ ಇನ್ನೂ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ನಿನಗೆ ಇಪ್ಪತ್ತು ವರ್ಷ. ಬೇಡ ಅಂತ ಹೇಳಿ ಬಾಗಿಲು ಹಾಕೋಕೆ ನನ್ನ ಕೈಯಲ್ಲಿ ಆಗುವುದಿಲ್ಲ. ಪೂರ್ತಿ ಬಿಡು ಅನ್ನೋದೇ ನನ್ನ ಆಸೆ, ಅದನ್ನು ಮುಚ್ಚಿಡೋಕೆ ಹೋಗಲ್ಲ. ಇಪ್ಪತ್ತೈದರವರೆಗಾದರೂ ಮುಂದೂಡು, ಅದೂ ಆಗಲ್ಲ ಅಂದರೆ ಆ ಎಣ್ಣೆ ಬೇಡ, ದಿನಾ ಬೇಡ, ಒಬ್ಬಳೇ ಕೂತು ಬೇಡ. ಚೌಕಾಸಿ ಮಾಡುತ್ತಿದ್ದೇನೆ ಅನಿಸುತ್ತಿದೆಯಾ? ಹೌದು. ಆದರೆ ಒಂದರಲ್ಲಿ ಚೌಕಾಸಿ ಇಲ್ಲ. ಎರಡು ಮೂರು ರಾತ್ರಿ ನಿದ್ದೆ ಬರದಿದ್ದರೆ, ಯಾರೋ ನಿನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸಿದರೆ, ಗೆಳತಿಯರು ಇವಳು ಯಾಕೋ ಬದಲಾಗಿದ್ದಾಳೆ ಅಂದರೆ, ಫೋನ್ ಮಾಡು. ಒಂದೂವರೆಗೆ ಮಾಡಿದರೂ ಎತ್ತುತ್ತೇನೆ. ಕೂಗಾಡಲ್ಲ. ಡಾಕ್ಟರ್ ಹತ್ತಿರ ಹೋದಾಗ ಸೇದಿದ್ದನ್ನೂ ಹೇಳು, ಚಿಕ್ಕಪ್ಪನದನ್ನೂ ಹೇಳು. ಬೇಗ ತೋರಿಸಿದವರು ಬೇಗ ಚೇತರಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಮೂರು ವಾರ ಹೋಯಿತು.

ಸಿಗರೇಟು ದಿನಕ್ಕೆ ಹತ್ತು ಇದ್ದದ್ದು ಆರಾಗಿದೆ. ನಿನ್ನೆ ಏಳು ಆಯ್ತು.

ಇನ್ನೊಂದು ವಿಷಯ. ನೀನು ಹೋದ ಬೆಳಿಗ್ಗೆ ಅಮ್ಮ, ರಾತ್ರಿ ಅಪ್ಪ ಮಗಳದ್ದು ಏನು ಗಲಾಟೆ ಅಂತ ಕೇಳಿದಳು. ದುಡ್ಡಿನ ವಿಷಯ, ಜಾಸ್ತಿ ಖರ್ಚು ಮಾಡುತ್ತಾಳೆ ಅಂತ ಬೈದೆ ಅಂದೆ. ಬಾಯಿಂದ ಬಂದ ಮೇಲೆ ಹೊಳೆಯಿತು, ನಾನು ಮತ್ತೆ ಅದೇ ಮೆಟ್ಟಿಲ ಹತ್ತಿರ ನಿಂತಿದ್ದೇನೆ ಅಂತ. ಅವಳು ಎರಡು ದಿನ, ಪಾಪ ಮಗುವಿಗೆ ದುಡ್ಡಿಗಾಗಿ ಬೈದಿರಲ್ಲ ಅಂತ ನನ್ನ ಮೇಲೆ ಮುನಿಸಿಕೊಂಡಿದ್ದಳು. ಭಾನುವಾರ ಅವಳಿಗೆ ನಿಜ ಹೇಳುತ್ತೇನೆ. ಅಷ್ಟರೊಳಗೆ ನೀನೇ ಹೇಳಿದರೆ ಒಳ್ಳೆಯದು, ನಿನ್ನ ಬಾಯಿಂದ ಕೇಳುವುದಕ್ಕೂ ನನ್ನ ಬಾಯಿಂದ ಕೇಳುವುದಕ್ಕೂ ವ್ಯತ್ಯಾಸ ಇದೆ. ಶನಿವಾರ ರಾತ್ರಿವರೆಗೆ ಕಾಯುತ್ತೇನೆ.

ಚಾರ್ಜರ್ ಸಿಕ್ಕಿತು. ಸೋಫಾ ಸಂದಿಯಲ್ಲಿ ಬಿದ್ದಿತ್ತು. ನಾಳೆ ಕೊರಿಯರ್ ಮಾಡುತ್ತೇನೆ. ಪೆನ್ನು ನನ್ನ ಡ್ರಾಯರ್‌ನಲ್ಲಿದೆ, ಎಸೆದಿಲ್ಲ, ಅದು ಜೊತೆಯಲ್ಲಿ ಬರುವುದಿಲ್ಲ.

ಅಪ್ಪ